ಶರಣಸತಿ–ಲಿಂಗಪತಿ ಭಾವ

ಭಕ್ತರು ಗಂಡಾಗಲಿ ಹೆಣ್ಣಾಗಲಿ, ತಮ್ಮನ್ನು ಸತಿಯೆಂದೂ ದೇವರನ್ನು ಪತಿಯೆಂದೂ ಭಾವಿಸಿ ಒಲಿಯುವ ಭಕ್ತಿಮಾರ್ಗ. 12ನೆಯ ಶತಮಾನದ ಶಿವಶರಣರಲ್ಲಿ ಇದು ಸಾಧನೆಯ ಒಂದು ನೆಲೆಯಾಗಿ ರೂಪುಗೊಂಡಿತು. ಷಟ್‌ಸ್ಥಲದ ಐದನೆಯದಾದ ಶರಣಸ್ಥಲಕ್ಕೆ ಈ ಭಾವವೇ ಲಕ್ಷಣ. ಆರನೆಯದಾದ ಐಕ್ಯದಲ್ಲಿ ಸತಿಯೂ ಇಲ್ಲ, ಪತಿಯೂ ಇಲ್ಲ.

ಗಂಡಸು ಹೆಣ್ಣಿನ ದನಿಯಲ್ಲಿ ದೇವರನ್ನು ಕರೆಯುವ ರೂಢಿ ತಮಿಳಿನಲ್ಲಿ ಇದಕ್ಕಿಂತ ಹಳೆಯದು. ಸಂಗಂ ಕಾವ್ಯದ ನಾಯಕಿ, ತಾಯಿ, ಗೆಳತಿಯರ ಮಾತುಗಳನ್ನು ಆಳ್ವಾರರು ವಿಷ್ಣುವಿನತ್ತ ತಿರುಗಿಸಿದರು. ವಿರಹಿಣಿಯಾಗಿ ಹಾಡುವ ನಮ್ಮಾಳ್ವಾರರನ್ನು ಶ್ರೀವೈಷ್ಣವರು ಪರಾಂಕುಶನಾಯಕಿ ಎನ್ನುತ್ತಾರೆ; ತಿರುಮಂಗೈ ಆಳ್ವಾರರು ಪರಕಾಲನಾಯಕಿ. ತಾನೇ ಹೆಣ್ಣಾಗಿದ್ದ ಆಂಡಾಳಿಗೆ ಇಂಥ ಇನ್ನೊಂದು ಹೆಸರು ಬೇಕಾಗಲಿಲ್ಲ.

ಶೈವರಲ್ಲಿ ಹೆಣ್ಣು-ಗಂಡಿನ ಪ್ರಶ್ನೆ ಕಲ್ಲಿನಲ್ಲೂ ಕಾಣುತ್ತದೆ. 6ನೆಯ ಶತಮಾನದ ಬಾದಾಮಿಯ ಮೊದಲ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬುಗೂಡಾದ ಭೃಂಗಿ ನಿಂತಿದ್ದಾನೆ. ಪಾರ್ವತಿಯನ್ನು ಬಿಟ್ಟು ಶಿವನೊಬ್ಬನಿಗೇ ಪ್ರದಕ್ಷಿಣೆ ಬರುವೆನೆಂದು ಹಟ ಹಿಡಿದು ರಕ್ತಮಾಂಸ ಕಳೆದುಕೊಂಡವನು ಅವನು.

ವಚನಕಾರರಲ್ಲಿ ಉರಿಲಿಂಗದೇವ ಮತ್ತು ಗಜೇಶ ಮಸಣಯ್ಯ ಈ ಭಾವದಲ್ಲೇ ಮುಳುಗಿದವರು. ನಲ್ಲನ ಮುನಿಸು, ಕೂಟದ ಸುಖ, ಕೆಳದಿಯೊಡನೆ ಹೇಳಿಕೊಳ್ಳುವ ಸಂಕಟ ಎಲ್ಲವೂ ಅವರಲ್ಲಿ ಹೆಣ್ಣಿನ ಮಾತಾಗಿಯೇ ಬರುತ್ತದೆ. ಬಸವಣ್ಣ ಒಂದು ವಚನದಲ್ಲಿ ಅರಿಸಿನ ಮಿಂದು ಒಡವೆ ತೊಟ್ಟರೂ ಗಂಡನ ಒಲವು ಕಾಣದ ಹೆಣ್ಣಿನ ಪಾಡನ್ನು ತಮ್ಮದಾಗಿ ಹೇಳಿಕೊಳ್ಳುತ್ತಾರೆ. ಮತ್ತೊಂದರಲ್ಲಿ ಗಂಡುಡುಗೆ ತೊಟ್ಟಿದ್ದೇ ದೇವರಿಗಾಗಿ, ತಾವು ಒಮ್ಮೆ ಗಂಡು ಒಮ್ಮೆ ಹೆಣ್ಣು ಎನ್ನುತ್ತಾರೆ. ಆದರೂ ಇಲ್ಲಿ ಒಂದು ಮಾತು ಹೇಳಲೇಬೇಕು: ಈ ಶರಣರು ಕಾಯುವುದನ್ನೂ ಮಣಿಯುವುದನ್ನೂ ಹೆಣ್ಣಿನ ಗುಣವೆಂದೇ ಹಿಡಿದರು, ಲೋಕದ ಗಂಡನ ಒಡೆತನ ಆ ಉಪಮೆಯೊಳಗೆ ಹಾಗೆಯೇ ಉಳಿಯಿತು.

ಅದನ್ನು ಮುರಿದವಳು ಅಕ್ಕಮಹಾದೇವಿ. ಚೆನ್ನಮಲ್ಲಿಕಾರ್ಜುನನೇ ಗಂಡನೆಂದ ಮೇಲೆ ಉಡುತಡಿಯ ಅರಸ ಕೌಶಿಕನಿಗೆ ಅವಳ ಮೇಲೆ ಯಾವ ಹಕ್ಕೂ ಇರಲಿಲ್ಲ. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ಮದುವೆಯಾಗಿ, ಷರತ್ತು ಮುರಿದೊಡನೆ ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗುವುದಿಲ್ಲ. ಎರಡರಲ್ಲೂ ಅವಳು ಮನೆ ಬಿಟ್ಟು ನಡೆದದ್ದು ನಿಜವಾದ ಬೀದಿಯಲ್ಲಿ. ಕಲ್ಯಾಣದಲ್ಲಿ ಅಲ್ಲಮನ ಮುಂದೆ ಅವಳು ಎದುರಿಸಿದ ಪರೀಕ್ಷೆಯನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಉಡುಗೆ ಬಿಟ್ಟವಳಿಗೆ ಕೂದಲ ಮರೆ ಏಕೆಂದು ಕೇಳಿಸಿಕೊಂಡದ್ದೂ ಅವಳೇ. ಪತಿಭಾವದ ವಚನ ಹಾಡಿದ ಯಾವ ಗಂಡಸನ್ನೂ ಯಾರೂ ಹೀಗೆ ಕೇಳಲಿಲ್ಲ.

ಇನ್ನೂ ಮುಂದೆ ಹೋದವನು ಜೇಡರ ದಾಸಿಮಯ್ಯ. ಹೆಣ್ಣು ಗಂಡೆಂಬ ಗುರುತು ಮೈಯದು, ಒಳಗೆ ಸುಳಿಯುವ ಆತ್ಮಕ್ಕೆ ಎರಡೂ ಇಲ್ಲ ಎಂಬುದು ಅವನ ನಿಲುವು.

ಇಂಥ ಭಾವ ಮುಂದೆ ಬೇರೆಡೆಯೂ ಕಾಣುತ್ತದೆ. ಬಂಗಾಳದ ಚೈತನ್ಯರು (1486–1533) ರಾಧಾಭಾವದಲ್ಲಿ ತನ್ಮಯರಾದರು. ರಾಮಕೃಷ್ಣ ಪರಮಹಂಸರು (1836–1886) ಮಧುರಭಾವದ ಸಾಧನೆಯಲ್ಲಿ ಸೀರೆಯುಟ್ಟರು. ಕನ್ನಡದ ಹರಿದಾಸರಲ್ಲಿ ದಾಸ್ಯವೇ ಮುಖ್ಯ, ಯಶೋದೆಯ ವಾತ್ಸಲ್ಯ ಅದರ ಬೆನ್ನಿಗೆ.

ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರಲ್ಲಿ ದೇವರೇ ಹೆಣ್ಣು, ಪತಿಯೆಂಬ ಉಪಮೆಗೆ ಅಲ್ಲಿ ಜಾಗವಿಲ್ಲ. ಗಂಡಾಗಿ ಹುಟ್ಟಿದವರು ದೇವಿಗೆ ಅರ್ಪಿತರಾಗಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆ ನುಡಿಸುತ್ತ ಬಾಳೆಲ್ಲ ಹೆಣ್ಣಾಗಿಯೇ ಇರುತ್ತಾರೆ. ವಚನಕಾರನಿಗೆ ತೆರಬೇಕಿಲ್ಲದ ಬೆಲೆಯನ್ನು ಇವರು ತೆರುತ್ತಾರೆ, ಎಷ್ಟೋ ಮಂದಿಗೆ ಹುಟ್ಟಿದ ಮನೆಯೇ ತಪ್ಪುತ್ತದೆ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು.