ಎರೆಸೀಮೆಯ ಹೊಳೆ
ಕಿರುತೆರೆಯಲ್ಲಿ ಅಮೆಜಾನ್ ನದಿಯನ್ನು ಕಂಡು ಬೆರಗಾಗುವ ವೀಕ್ಷಕರೇ, ಬೆಳವಣಕಿಯ ಸೀಮೆಗೂ ಒಂದು ಹೊಳೆಯುಂಟು: ಮಲಪ್ರಭೆ. ಅಮೆಜಾನ್ ಪೆಸಿಫಿಕ್ ಸಾಗರದ ಮಗ್ಗುಲಲ್ಲೇ ಹುಟ್ಟಿಯೂ ಪೂರ್ವಕ್ಕೆ ಓಡುತ್ತದೆ. ಮಲಪ್ರಭೆಯೂ ಹಾಗೆಯೇ. ಪಡುವಣ ಕಡಲಿಗೆ ಸಮೀಪದ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿ.ಮೀ. ಪೂರ್ವಕ್ಕೆ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಪಟ್ಟದಕಲ್ಲಿನಲ್ಲಿ ಮಾತ್ರ ಉತ್ತರಕ್ಕೆ ತಿರುಗುತ್ತದೆ. ಚಾಲುಕ್ಯರು ಗುಡಿ ಕಟ್ಟಿದ್ದು ಆ ದಂಡೆಯ ಮೇಲೆಯೇ.

ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ಬಂತು; ಬೆನ್ನಿಗೇ ಕರವೂ ಬಂತು. ನೀರು ತಲುಪದ ಹೊಲಕ್ಕೂ ಕರವೇ ಎಂದು ರೈತರು 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದೆದ್ದರು. ಗೋಲಿಬಾರಿಗೆ ರೈತ ಬಲಿಯಾದ.

ಬರದ ಸೀಮೆಯೆಂದು ಕರೆಯುತ್ತೇವಲ್ಲ, ಇಲ್ಲಿ ನೆರೆಯೂ ಉಂಟು! ಅಣೆಕಟ್ಟಿನ ಬಾಗಿಲು ತೆರೆದಾಗಲೇ ಬೆಣ್ಣಿಹಳ್ಳವೂ ಉಕ್ಕಿದರೆ, ಅವೆರಡೂ ಕೂಡುವ ಮೆಣಸಗಿಯ ಸುತ್ತ ನೀರಿಗೆ ದಾರಿ ಸಾಲದು. 2019ರ ಆಗಸ್ಟಿನಲ್ಲಿ ಹೊಳೆಆಲೂರಿನ ಓಣಿಗಳಿಗೇ ಹೊಳೆ ನುಗ್ಗಿತ್ತು.