ದೈಹಿಕ ಕ್ಷಮತೆ: ಒಂದು ಮಾತು, ಎರಡು ಅರ್ಥ

ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡಕ್ಕೆ ಶಾಲಾ ಪ್ರವಾಸ ಹೋಗಿದ್ದೀರಿ ಎಂದುಕೊಳ್ಳಿ. ಕಡಲ ದಂಡೆಯ ಓಟದಲ್ಲಿ ಕೊನೆಯವಳಾದ ಹುಡುಗಿ ಜಲಪಾತದ ಬಳಿಯಿಂದ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಹತ್ತಿ ಬರುತ್ತಾಳೆ. ಮೊದಲಿಗನಾದ ಹುಡುಗ ನಡುವೆಯೇ ಕುಳಿತಿದ್ದಾನೆ. ಇಬ್ಬರಲ್ಲಿ ದೈಹಿಕ ಕ್ಷಮತೆ ಯಾರಿಗೆ ಹೆಚ್ಚು? ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಲು ಮೂರು ದಶಕಗಳೇ ಬೇಕಾದವು.

1950ರ ದಶಕದ ಮೊದಲ ವರ್ಷಗಳಲ್ಲಿ ಕ್ರಾಸ್–ವೆಬರ್ ಪರೀಕ್ಷೆ ಅಮೆರಿಕವನ್ನು ಬೆಚ್ಚಿಬೀಳಿಸಿತು. ಮಂಡಿ ಮಡಿಸದೆ ಬಾಗಿ ನೆಲ ಮುಟ್ಟುವುದು, ಮಲಗಿ ಕಾಲೆತ್ತಿ ಹಿಡಿಯುವುದು ಮುಂತಾದ ಆರು ಸರಳ ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಅಲ್ಲಿನ ಶೇ. 57.9ರಷ್ಟು ಮಕ್ಕಳು ಸೋತರು. ಯೂರೋಪಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 8.7 ಮಾತ್ರ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಯುವಜನರ ಕ್ಷಮತೆಗಾಗಿ ಮಂಡಳಿಯೊಂದನ್ನು ರಚಿಸಿದರು. 1958ರಲ್ಲಿ ಶಾಲೆಗಳಿಗೆ ಹೊಸ ಪರೀಕ್ಷೆ ಬಂತು.

ವಿಚಿತ್ರವೆಂದರೆ, ಮಕ್ಕಳು ಸೋತದ್ದು ಬೆನ್ನು–ಹೊಟ್ಟೆಯ ಸ್ನಾಯು ಬಲ ಮತ್ತು ನಮ್ಯತೆಯಲ್ಲಿ. ಹೊಸ ಪರೀಕ್ಷೆಯಲ್ಲಿ ಬಾಗಿ ನೆಲ ಮುಟ್ಟುವುದು ಇರಲೇ ಇಲ್ಲ. 50 ಗಜದ ಓಟ, ನಿಂತ ಜಿಗಿತ, ಚೆಂಡೆಸೆತಗಳಿದ್ದವು. ಹೀಗೆ ಆರೋಗ್ಯದ ಪ್ರಶ್ನೆಗೆ ಆಟದ ಮೈದಾನದ ಉತ್ತರ ದೊರೆಯಿತು!

ಈ ಗೊಂದಲ ತಿದ್ದಿದ್ದು 1980ರಲ್ಲಿ. ಆಗ ಬಂದ ಪರೀಕ್ಷೆ ದೂರದ ಓಟ, ಚರ್ಮದಡಿಯ ಕೊಬ್ಬು, ಕುಳಿತು ಮುಂದೆ ಚಾಚುವುದು ಇತ್ಯಾದಿ ಆರೋಗ್ಯ ಸಂಬಂಧಿ ಅಂಶಗಳನ್ನಷ್ಟೇ ಅಳೆಯಿತು. 1985ರಲ್ಲಿ ಕ್ಯಾಸ್ಪರ್‌ಸನ್ ಮತ್ತು ಸಂಗಡಿಗರು ಘಟಕಗಳನ್ನು ಎರಡು ಗುಂಪಾಗಿ ವಿವರಿಸಿದರು. ಹೃದಯ–ಶ್ವಾಸಕೋಶಗಳ ತಾಳಿಕೆ, ಸ್ನಾಯು ಬಲ, ಸ್ನಾಯು ತಾಳಿಕೆ, ನಮ್ಯತೆ, ದೇಹ ಸಂಯೋಜನೆ – ಈ ಐದು ಆರೋಗ್ಯಕ್ಕೆ ಸಂಬಂಧಿಸಿದವು. ವೇಗ, ಚುರುಕುತನ, ಸಮತೋಲನ, ಅಂಗಾಂಗಗಳ ಹೊಂದಾಣಿಕೆ, ಸ್ಫೋಟಕ ಶಕ್ತಿ, ಪ್ರತಿಕ್ರಿಯೆಯ ಸಮಯ – ಈ ಆರು ಕೌಶಲಕ್ಕೆ ಸಂಬಂಧಿಸಿದವು.

ಎರಡೂ ಒಬ್ಬರಲ್ಲೇ ಇರಬಾರದೆಂದಿಲ್ಲ. ಹೊನ್ನಾವರ ತಾಲ್ಲೂಕಿನವರೇ ಆದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017) 80 ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ತಾಳಕ್ಕೆ ಹೆಜ್ಜೆ ಹೊಂದಿಸುವುದು, ಥಟ್ಟನೆ ತಿರುಗುವುದು ಕೌಶಲದ ಕ್ಷಮತೆ. ಭಾರದ ವೇಷ ಹೊತ್ತು ಬಹುಹೊತ್ತು ಕುಣಿಯಲು ಬೇಕಾದದ್ದು ತಾಳಿಕೆ.

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಪದಕ ದೊರೆಯುವುದು ಹೆಚ್ಚಾಗಿ ಎರಡನೆಯ ಗುಂಪಿನ ಗುಣಗಳಿಗೆ. ಹೃದಯರೋಗ, ಮಧುಮೇಹಗಳ ಅಪಾಯ ತಗ್ಗಿಸುವಲ್ಲಿ ಮುಖ್ಯವಾದುದು ಮೊದಲನೆಯ ಗುಂಪು. ಮೆಟ್ಟಿಲು ಹತ್ತಿದ ಆ ಹುಡುಗಿ ತನ್ನನ್ನು ತಾನು ‘ಆಟಕ್ಕೆ ಬಾರದವಳು’ ಎಂದುಕೊಂಡು ಮೂಲೆ ಸೇರದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆಯಲ್ಲವೇ?