ಸೋಡಚೀಟಿ ಸಿಕ್ಕ ಮೇಲೆ

ಬಾಗಲಕೋಟೆ ಜಿಲ್ಲೆಯ ಚಿಮ್ಮಡದ ಸುತ್ತಿನ ಸೀಮೆಗೆ ಗಂಡ-ಹೆಂಡಿರು ಬೇರೆಯಾಗುವುದು ಹೊಸದೇನಲ್ಲ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಲವು ಸಮುದಾಯಗಳಲ್ಲಿ ಕೋರ್ಟಿಗಿಂತ ಮೊದಲೇ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಇತ್ತು; ಅದು ಸಿಕ್ಕವಳಿಗೆ ಉಡಿಕಿಯ, ಅಂದರೆ ಮರುಮದುವೆಯ, ದಾರಿಯೂ ಇತ್ತು. ಹಿರಿಯರು ಕೂತು ಬಂಗಾರ, ಭಾಂಡೆ, ಮದುವೆ ಖರ್ಚಿನ ಲೆಕ್ಕ ಮುಗಿಸುತ್ತಿದ್ದರು. ಕೂಸು ಯಾರ ಮನೆಯಲ್ಲಿ ಎಂಬುದೂ ಅಲ್ಲೇ ತೀರ್ಮಾನವಾಗುತ್ತಿತ್ತು. ಲೆಕ್ಕಕ್ಕೆ ಬಾರದೆ ಉಳಿಯುತ್ತಿದ್ದುದು ಬಿಟ್ಟುಬಂದವರ ಸಂಕಟ. ಉಡಿಕಿಯಾದವಳನ್ನು ಶುಭಕಾರ್ಯದಲ್ಲಿ ಹಿಂದಕ್ಕೆ ಸರಿಸುವ ಮನೆಗಳೂ ಇದ್ದವು.

ಕಾನೂನೂ ಬಹುಕಾಲ ಇದೇ ಜಾಡಿನಲ್ಲಿ ನಡೆಯಿತು. ಮುಂಬಯಿ ಪ್ರಾಂತ್ಯ 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ತಂದಿತು; ಪಟವರ್ಧನರ ಜಮಖಂಡಿ ಸಂಸ್ಥಾನ ಮರುವರ್ಷ ಮುಂಬಯಿಗೆ ಸೇರಿತು. 1955ರ ಹಿಂದೂ ವಿವಾಹ ಕಾಯ್ದೆ ರೂಢಿಯ ಬಿಡುಗಡೆಗೂ ಮಾನ್ಯತೆ ಉಳಿಸಿತು. 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಆಪ್ತಸಮಾಲೋಚಕರನ್ನು ಒಳಗೆ ಕರೆತಂದಿತಾದರೂ, ಆ ಕಾಯ್ದೆಯ ಒತ್ತೆಲ್ಲ ರಾಜಿಯ ಮೇಲೆ. ರಾಜಿ ಆಗದವರು ಮುಂದೆ ಹೇಗೆ ಬದುಕಬೇಕು?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಮನೋವಿಜ್ಞಾನ. 1967ರಲ್ಲಿ ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ ಬದುಕಿನ ಆಘಾತಗಳಿಗೆ ಅಂಕ ಕೊಟ್ಟಾಗ ಸಂಗಾತಿಯ ಸಾವಿಗೆ 100, ಅದರ ಬೆನ್ನಿಗೇ ವಿಚ್ಛೇದನಕ್ಕೆ 73 ಸಿಕ್ಕಿತು. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ವೈಸ್ 1975ರ ತಮ್ಮ ಪುಸ್ತಕದಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಹೇಳಿದರು: ಪ್ರೀತಿ ಸತ್ತರೂ ನಂಟಿನ ಸೆಳೆತ ಸಾಯದು. ಬಿಟ್ಟುಬಂದವರೇ ರಾತ್ರಿ ಆ ಮನುಷ್ಯನಿಗಾಗಿ ಹಂಬಲಿಸುವುದು ಹುಚ್ಚಲ್ಲ ಎಂದು ತಿಳಿದದ್ದರಿಂದ ಎಷ್ಟೋ ಜನರ ಎದೆಭಾರ ಇಳಿದಿರಬೇಕು. ಮಾನವಶಾಸ್ತ್ರಜ್ಞ ಪಾಲ್ ಬೊಹಾನನ್ ವಿಚ್ಛೇದನದಲ್ಲಿ ಆರು ಮುಖಗಳನ್ನು ಕಂಡರು. ಕಾನೂನು, ಹಣ, ಮಕ್ಕಳ ಜತೆಗೆ ಸ್ನೇಹಿತರ, ಸುತ್ತಲಿನವರ ಬಳಗದಿಂದ ಕಳಚಿಕೊಳ್ಳುವುದೂ ಅದರಲ್ಲೊಂದು.

ಆದರೆ ನಮ್ಮ ಕಡೆ ಕಳಚಿಕೊಳ್ಳುವುದು ಎಲ್ಲಿಂದ? ಸೋದರಮಾವನನ್ನೇ ಮದುವೆಯಾದವಳಿಗೆ ಅತ್ತೆಯೇ ಅಜ್ಜಿ. ಅವಳು ಗಂಡನನ್ನು ಬಿಟ್ಟರೆ ತಾಯಿ ತನ್ನ ತವರನ್ನೂ ಕಳೆದುಕೊಳ್ಳುತ್ತಾಳೆ. ಮುಂದಿನ ಕುಬಸವೋ ಜವಳವೋ ಬಂದರೆ ಬೇರೆಯಾದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಬೇಕು; ಅವನು ಬಾರದಿದ್ದರೆ 'ಅಳ್ಯಾ ಬಂದಿಲ್ಲೇನವಾ?' ಎಂದು ಯಾರೋ ಕೇಳಿಯೇ ಕೇಳುತ್ತಾರೆ. ಬೊಹಾನನ್ನರ ಆರು ಮುಖಗಳಲ್ಲಿ ಈ ಗಂಟು ಹಿಡಿಸುವುದಿಲ್ಲ.

ಕನ್ನಡದಲ್ಲಿ ಮನಸ್ಸಿನ ಮಾತು ಮನೆಮನೆಗೆ ಬರಲು ವೈದ್ಯ-ಲೇಖಕರು ಕಾರಣ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಸರಳ ಕನ್ನಡದಲ್ಲಿ ಬರೆದರು. ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಸರ್ಕಾರ 2000-01ರಲ್ಲಿ ಸಾಂತ್ವನ ಯೋಜನೆ ತೆರೆಯಿತು. ಹೆಂಡತಿ ಬಿಟ್ಟುಹೋದ ಗಂಡಸಿಗೆ ಅಂಥದ್ದೊಂದು ಬಾಗಿಲು ಇರಲಿಲ್ಲ. ಅವನ ಅಳಲು ಹೆಚ್ಚಾಗಿ ಬಾಟಲಿಯ ಪಾಲು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಗಂಡು-ಹೆಣ್ಣೆಂಬ ಭೇದವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫೋನಲ್ಲದೆ ಎದುರಾಎದುರು ಮಾತಿನ ದಾರಿಯೂ ಇದೆ. ವೈಸ್ ಬೇರೆಯಾದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಕೂಟಗಳನ್ನೂ ನಡೆಸಿದ್ದರು. ಕಬ್ಬಿನ ಸೀಮೆಯ ಊರುಗಳಲ್ಲಿ ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಸ್ತ್ರೀಶಕ್ತಿ ಸಂಘಗಳು ಆಗಲೇ ಇವೆ, ಸಾಲದ ಕಂತು ಕಟ್ಟಲು ಬರುವವರಲ್ಲಿ ತವರಿಗೆ ಮರಳಿದವರೂ ಇದ್ದಾರೆ.